ಬಂದೂಕಿನ ಅರ್ಜಿಗೆ ನಾನು ಕೊಟ್ಟ ಹೇಳಿಕೆ

ಅದು 2006ನೇ ಇಸವಿ. ಹೊಸಪೇಟೆಯಲ್ಲಿ ಗಣಿಯ ಅಬ್ಬರ ಜೋರಾಗಿದ್ದ ಕಾಲ. ಅದಿರಿನ ಲಾರಿಗಳು ಓಡಾಡಿ ಓಡಾಡಿ, ಬೆಳಿಗ್ಗೆ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ನನಗೆ ಆ ಧೂಳಿಗಿಂತ ತಲೆನೋವಾಗಿದ್ದು ಜನ. ಯಾರೋ, ಎಲ್ಲಿಯವರೋ, ಏನು ಮಾಡುತ್ತಾರೋ! ನಮ್ಮ ಓಣಿಯಲ್ಲಿ ದಿನಾ ಒಂದು ಹೊಸ ಮುಖ. ನಾನು ಪ್ರಾಥಮಿಕ ಶಾಲೆಯ ಟೀಚರು. ಹೋಂವರ್ಕ್ ನೋಟ್‌ಬುಕ್ ಮರೆತು ಬಂದೆ ಎನ್ನುವ ಮಕ್ಕಳ ಕಣ್ಣು ನೋಡಿಯೇ ಸುಳ್ಳು ಹಿಡಿಯುತ್ತೇನೆಂಬ ಜಂಬ ಬೇರೆ ಇತ್ತು. "ನಿನಗ ಸಾಲಿ ನೌಕರಿ ಅಲ್ಲ, ಸಿಐಡಿ ನೌಕರಿ ಸಿಗಬೇಕಾಗಿತ್ತು ನೋಡು" ಎಂದು ನಮ್ಮ ಯಜಮಾನರು ಚುಡಾಯಿಸುತ್ತಿದ್ದರು.

ಆ ವರ್ಷವೇ ನಮ್ಮ ಮಹಡಿಯ ಮೇಲಿನ ಒಂಟಿ ಕೋಣೆಗೆ ಹನುಮಂತಪ್ಪ ಎಂಬವರು ಬಾಡಿಗೆಗೆ ಬಂದರು. ಮರಿಯಮ್ಮನಹಳ್ಳಿ ಹತ್ತಿರದ ಹಳ್ಳಿಯವರು. ಹೆಂಡತಿ, ಮಗಳು ಊರಲ್ಲೇ ಇದ್ದರು. ಇವರಿಗೆ ಸಂಡೂರು ಕಡೆಯ ಒಂದು ಗಣಿಯಲ್ಲಿ ಕಾವಲು ಕೆಲಸ. ಸಂಜೆ ಹೋದರೆ ಬೆಳಿಗ್ಗೆ ಯಾವುದೋ ಜೀಪಿನಿಂದ ಇಳಿಯುತ್ತಿದ್ದರು, ಅದೂ ದಿನಕ್ಕೊಂದು ಜೀಪು. ಮೈಯೆಲ್ಲ ಕೆಂಪು, ಕಣ್ಣೂ ಕೆಂಪು. ಎತ್ತರದ ಆಳು, ಮಾತು ತೀರಾ ಕಡಿಮೆ. ಮಾತಾಡದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ.

ಬಂದು ತಿಂಗಳಾಗಿರಬೇಕು. ಒಂದು ದಿನ ಮೆಟ್ಟಿಲ ಹತ್ತಿರ ನಿಂತು, "ಅಕ್ಕೋರೆ, ನಮ್ಮ ಓಣಿ ಯಾವ ಪೊಲೀಸ್ ಸ್ಟೇಷನ್ನಿಗೆ ಬರ್ತೈತ್ರಿ?" ಎಂದು ಕೇಳಿದರು.

ಬಾಡಿಗೆಗೆ ಬಂದವರು ನೀರು ಯಾವಾಗ ಬಿಡುತ್ತಾರೆ, ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳುವುದು ಗೊತ್ತು. ಪೊಲೀಸ್ ಸ್ಟೇಷನ್ ಯಾಕೆ? ಹೇಳಿದೆ, ಆದರೆ ಅಂದಿನಿಂದ ಒಂದು ಕಣ್ಣು ಅವರ ಮೇಲೇ ಇಟ್ಟೆ.

ಎರಡು ದಿನ ಬಿಟ್ಟು ಒಂದು ಚೀಟಿ, ಪೆನ್ನು ಹಿಡಿದುಕೊಂಡು ಬಂದರು. "ನಿಮ್ಮ ಪೂರ್ತಿ ಹೆಸರು ಹೇಳ್ರಿ ಅಕ್ಕೋರೆ. ಯಜಮಾನರ ಹೆಸರೂ ಹೇಳ್ರಿ. ಇಲ್ಲಿದ್ದು ಎಷ್ಟು ವರ್ಷ ಆತ್ರಿ ನಿಮಗ?"

"ಅದ್ಯಾಕ್ರಿ ನಿಮಗ?"

"ಸುಮ್ನ ರೀ. ಒಂದು ಕಾಗದದ ಕೆಲಸ ಐತಿ." ಬರೆದುಕೊಂಡು ಹೊರಟವರು ತಿರುಗಿ, "ಹಗಲಹೊತ್ತಿನ್ಯಾಗ ಮನ್ಯಾಗ ಯಾವಾಗ ಇರ್ತೀರಿ?" ಎಂದರು.

ಮನೆಯಲ್ಲಿ ಯಾವಾಗ ಇರುವುದಿಲ್ಲ ಎಂದು ಕೇಳಿದ ಹಾಗೇ ಆಯಿತಲ್ಲ! ಅವತ್ತೇ ಬಜಾರಿಗೆ ಹೋಗಿ ದೊಡ್ಡದೊಂದು ಬೀಗ ತಂದೆ. "ಪಾಪ, ಏನೋ ಕೇಳಿರಬೇಕು ಬಿಡು" ಎಂದ ಯಜಮಾನರಿಗೆ, "ನಿಮ್ಮಂಥೋರು ಇರೋದಕ್ಕ ಊರಾಗ ಕಳ್ಳರು ಬಾಳೇವು ಮಾಡ್ತಿರೋದು" ಎಂದು ರೇಗಿದೆ.

ಮುಂದಿನ ತಿಂಗಳು ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಸಾದಾ ಬಟ್ಟೆಯ ಒಬ್ಬರು ಬಾಗಿಲಿಗೆ ಬಂದರು. ಕೈಯಲ್ಲಿ ಫೈಲು. "ಟೀಚರ್ ಅಂದ್ರ ನೀವ ಏನ್ರಿ?" ಹೌದೆಂದೆ. ತಾವು ಸ್ಟೇಷನ್ನಿನ ಪೇದೆ ಎಂದು ಗುರುತಿನ ಚೀಟಿ ತೋರಿಸಿದರು. ನಾನು ಅದನ್ನೂ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಮ್ಯಾಲಿನ ಹನುಮಂತಪ್ಪ ಬಂದೂಕಿನ ಲೈಸೆನ್ಸ್ ಕೇಳ್ಯಾರ. ಮನುಷ್ಯ ಹೆಂಗ್ರಿ?"

ಬಂದೂಕು! ಇಂಥವರಿಗೆಲ್ಲ ಅದನ್ನು ಹೇಗೆ ಕೊಡುತ್ತೀರಿ ಎಂದು ನಾನೇ ಅವರನ್ನು ವಿಚಾರಿಸಲು ಶುರು ಮಾಡಿದೆ. ಅವರು ಸಮಾಧಾನದಿಂದ ಹೇಳಿದರು: "ಡಿಸಿ ಸಾಹೇಬ್ರ ಆಫೀಸಿಗೆ ಹಾಕಿದ ಅರ್ಜಿ ಎಸ್ಪಿ ಆಫೀಸಿಗೆ ಬಂದು, ಅಲ್ಲಿಂದ ನಮ್ಮ ಸ್ಟೇಷನ್ನಿಗೆ ಬರ್ತೈತ್ರಿ. ಕೇಸು ಗೀಸು ಅದಾವೇನು ಅಂತ ರಿಜಿಸ್ಟರ್ ನೋಡೀವಿ, ಏನೂ ಇಲ್ಲ. ಲೈಸೆನ್ಸ್ ಸಿಕ್ಕ ಮ್ಯಾಲೆ ಅಂಗಡ್ಯಾಗ ಬಂದೂಕು ತಗೊಂಡ್ರ ಅದರ ನಂಬರು ಅಂಗಡಿಯವರ ಪುಸ್ತಕದಾಗೂ ಬೀಳ್ತೈತಿ, ಲೈಸೆನ್ಸ್ ಬುಕ್ಕಿನ್ಯಾಗೂ ಬೀಳ್ತೈತಿ. ತಂದು ನಮಗ ತೋರಿಸ್ಬೇಕು. ತೋಟಾ ತಗೊಂಡ್ರೂ ಬರೆಸ್ಬೇಕು. ಎಲೆಕ್ಷನ್ ಬಂದ್ರ ತಂದು ಸ್ಟೇಷನ್ನಿನ್ಯಾಗ ಇಡಬೇಕು. ಬಂದೂಕಿನ ಲೆಕ್ಕ ನಾವು ಇಟ್ಕೋತೀವಿ. ಅದನ್ನ ಹಿಡಿಯೋ ಮನುಷ್ಯ ಎಂಥಾವ ಅಂತ ಆಜುಬಾಜುದೋರು ಹೇಳ್ಬೇಕು. ಇವರು ಮಿಲಿಟರಿಯಿಂದ ಬಂದೋರು ಅಂತ ಅರ್ಜಿಯೊಳಗ ಐತಿ."

"ಬರಕೊಂಡ್ರ ಆತೇನ್ರಿ? ಈಗಿನ ಕಾಲದಾಗ ಯಾರು ಏನು ಬೇಕಾದ್ರೂ ಬರಕೋತಾರ" ಎಂದೆ. ಎಂದವಳು ಅಲ್ಲಿಗೆ ನಿಲ್ಲಿಸಲಿಲ್ಲ. ದಿನಕ್ಕೊಂದು ಜೀಪು ಬರುವುದು, ಸ್ಟೇಷನ್ ಯಾವುದೆಂದು ಕೇಳಿದ್ದು, ನಮ್ಮ ಹೆಸರು ಬರೆದುಕೊಂಡದ್ದು, ಯಾವಾಗ ಮನೆಯಲ್ಲಿರುತ್ತೀರಿ ಎಂದದ್ದು, ಎಲ್ಲ ಒಪ್ಪಿಸಿದೆ.

"ಕುಡೀತಾರೇನ್ರಿ?"

ಕುಡಿದದ್ದನ್ನು ನಾನು ಒಂದು ದಿನವೂ ನೋಡಿರಲಿಲ್ಲ, ವಾಸನೆಯೂ ಬಂದಿರಲಿಲ್ಲ. ಆದರೂ, "ಮುಂಜಾನೆ ಕಣ್ಣು ನೋಡಿದ್ರ ಗೊತ್ತಾಗ್ತೈತಲ್ರಿ, ಕೆಂಡದಂಗ ಇರ್ತಾವ" ಎಂದುಬಿಟ್ಟೆ. ಅವರು ಬರೆದುಕೊಂಡು ಓದಲು ಕೊಟ್ಟರು. ಕುಡಿತದ ಚಟವಿದೆ ಎಂದು ಬರೆದಿದ್ದರು. ನಾನು ಅಷ್ಟು ಹೇಳಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಕೆಳಗೆ ದುಂಡಗೆ ಸಹಿ ಹಾಕಿ ಕೊಟ್ಟು, ಓಣಿಯನ್ನೇ ಕಾಪಾಡಿದವಳ ಹಾಗೆ ಬೀಗಿ ಊಟಕ್ಕೆ ಕುಳಿತೆ.

ಮೂರು ತಿಂಗಳು ಕಳೆದವು. ಒಂದು ಭಾನುವಾರ ಬೆಳಿಗ್ಗೆ ಹನುಮಂತಪ್ಪ ಒಂದು ಲಕೋಟೆ ಹಿಡಿದು ಬಂದು ಪಡಸಾಲೆಯ ಹೊರಗೇ ನಿಂತರು. "ಅಕ್ಕೋರೆ, ಮಿಲಿಟರಿಯಾಗ ಹಿಂದಿ ಓದಿ ಓದಿ ಈ ಕಚೇರಿ ಕನ್ನಡ ತಿಳೀವಲ್ದು. ಸ್ವಲ್ಪ ಓದಿ ಹೇಳ್ರಿ." ನಾನು, "ಒಳಗ ಬರ್ರಿ, ಕುಂದ್ರಿ" ಎಂದೆ. ನನ್ನ ಧ್ವನಿ ನನಗೇ ಬೇರೆಯಾಗಿ ಕೇಳಿಸಿತು.

ಜೋರಾಗಿ ಓದಿದೆ. ನೆರೆಹೊರೆಯವರ ಹೇಳಿಕೆಯ ಪ್ರಕಾರ ಅರ್ಜಿದಾರರು ಮದ್ಯವ್ಯಸನಿಯಾಗಿದ್ದು, ಅಪರಿಚಿತರ ಸಂಪರ್ಕ ಹೊಂದಿದ್ದು, ನಡತೆ ಸಂಶಯಾಸ್ಪದವಾಗಿರುವುದರಿಂದ ಪರವಾನಗಿ ನಿರಾಕರಿಸಲಾಗಿದೆ.

ಅವರು ಆಗ ಬಾಯಿಬಿಟ್ಟರು. ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹನಿ ಮುಟ್ಟಿದೋನಲ್ರಿ ನಾನು. ಗಣಿಯೊಳಗ ಈಗ ಸ್ವಂತ ಬಂದೂಕು ಇದ್ದೋರನ್ನ ಮಾತ್ರ ಇಟ್ಕೋತಾರಂತ. ಈ ತಿಂಗಳು ತೋರಿಸ್ಲಿಲ್ಲಾಂದ್ರ ಕೆಲಸ ಬಿಡಿಸ್ತಾರ. ಲೈಸೆನ್ಸ್ ಆದ್ರ ಎರಡು ಖೋಲಿ ಮನಿ ಹಿಡಿದು ಹೆಂಡ್ತಿ ಮಗಳನ್ನ ಕರಕೊಂಡು ಬರ್ತಿದ್ದೆ. ಮಗಳನ್ನ ನಿಮ್ಮ ಸಾಲಿಗೇ ಹಾಕಬೇಕಂತಿದ್ದೆ."

ನಾನು ಕಾಗದವನ್ನು ಮಡಚಿ ಲಕೋಟೆಯೊಳಗೆ ಹಾಕಿದೆ.

"ಒಂದು ತಿಳೀವಲ್ದು ಅಕ್ಕೋರೆ. ಗೊತ್ತಿದ್ದ ಮರ್ಯಾದಸ್ಥರು ಯಾರರ ಇದ್ರ ಹೆಸರು ಕೊಡು, ಮನ್ಯಾಗ ಯಾವಾಗ ಇರ್ತಾರ ಅಂತನೂ ಕೇಳ್ಕೊಂಡು ಬಾ ಅಂದಿದ್ರು ಸ್ಟೇಷನ್ನಿನ್ಯಾಗ. ನಾನು ನಿಮ್ಮ ಹೆಸರು ಕೊಟ್ಟಿದ್ದೆ. ಬಂದೂಕು ಅಂದ್ರ ಹೆದರ್ತೀರಂತ ನಿಮಗ ಹೇಳಲಿಲ್ಲ. ಪೊಲೀಸ್ರು ನಿಮ್ಮನ್ನ ಬಂದು ಕೇಳಲೇ ಇಲ್ಲೇನು?"

ಹಾಳು ಬಾಯಿ! ಅವತ್ತು ಬೇಡದ್ದನ್ನೆಲ್ಲ ಹೇಳಿದ್ದು, ಈಗ ಹೇಳಬೇಕಾದ್ದನ್ನು ಹೇಳಲಿಲ್ಲ. "ಇಲ್ಲ" ಎಂದೆ.

"ಅದಕ್ಕ ಹಿಂಗಾತು" ಎಂದರು. "ನಿಮ್ಮನ್ನ ಕೇಳಿದ್ರ ಹಿಂಗ ಆಗ್ತಿರಲಿಲ್ಲ."

ಮೇಲಧಿಕಾರಿಗಳಿಗೆ ಅಪೀಲು ಹಾಕಬಹುದು ಎಂದು ಆ ಕಾಗದದಲ್ಲೇ ಇತ್ತು. ನಾನೇ ಕೂತು ಬರೆದುಕೊಟ್ಟೆ. ಅರ್ಜಿದಾರರು ಸಭ್ಯರು, ಯಾವ ಚಟವೂ ಇಲ್ಲದವರು ಎಂದು ಮುತ್ತಿನಂಥ ಅಕ್ಷರದಲ್ಲಿ ಎರಡು ಪುಟ ಬರೆದೆ. ಆ ಹೇಳಿಕೆ ಕೊಟ್ಟವಳು ನಾನು, ಅದು ಸುಳ್ಳು ಎಂಬ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಒಂದು ಸಾಲನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಅವರು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು ಹೋದರು.

ಆ ತಿಂಗಳ ಕೊನೆಗೆ ಕೆಲಸ ಹೋಯಿತು. ಒಂದು ಟ್ರಂಕು, ಒಂದು ಹಾಸಿಗೆ ಹೇರಿಕೊಂಡು ಊರಿಗೆ ಹೊರಟರು. ಕೀಲಿ ಕೊಡುವಾಗಲೂ "ನಿಮ್ಮಿಂದ ಭಾಳ ಉಪಕಾರ ಆತ್ರಿ" ಎಂದರು. ಅಪೀಲು ಏನಾಯಿತೋ ನನಗೆ ಗೊತ್ತಿಲ್ಲ.

ಈಗಲೂ ಅಕ್ಕಪಕ್ಕದವರ ಬಗ್ಗೆ ವಿಚಾರಿಸಲು ಯಾರಾದರೂ ಬಂದರೆ, ಕಣ್ಣಾರೆ ನೋಡಿದ್ದನ್ನಷ್ಟೇ ಹೇಳುತ್ತೇನೆ. ನನ್ನ ಅನುಮಾನದ ಸ್ವಭಾವ ಪೂರ್ತಿ ಹೋಗಿಲ್ಲ, ಆದರೆ ಅದಕ್ಕೆ ಸಹಿ ಹಾಕುವುದಿಲ್ಲ. ಯಜಮಾನರಿಗೂ ಹೇಳದೆ ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ಇವತ್ತು ಬರೆಯುತ್ತಿದ್ದೇನೆ. ಊರಿಗೆ ಹೊರಟುಹೋದ ಅವರು ಇದನ್ನು ಓದುತ್ತಾರೋ ಇಲ್ಲವೋ, ಓದಿದರೆ ನನ್ನನ್ನು ಏನೆಂದುಕೊಳ್ಳುತ್ತಾರೋ. ಹನುಮಂತಪ್ಪನವರೆ, ಪೊಲೀಸರು ಬಂದಿದ್ದರು. ನನ್ನನ್ನೇ ಕೇಳಿದ್ದರು.