ನಾಲ್ಕನೇ ಮಹಡಿಯಲ್ಲಿ ನಿಂತ ಲಿಫ್ಟು

ಆ ಕ್ಷೌರದಂಗಡಿಯಲ್ಲಿ ಮೂರು ಕುರ್ಚಿ, ಒಂದು ಉದ್ದನೆಯ ಬೆಂಚು, ಗೋಡೆಗೊಂದು ಟಿವಿ. ಕುರ್ಚಿ ಮೂರಿದ್ದರೂ ಕತ್ತರಿ ಹಿಡಿಯುವವನು ಒಬ್ಬನೇ ಆದ್ದರಿಂದ ಬೆಂಚು ಸದಾ ಭರ್ತಿ. ಟಿವಿಯಲ್ಲಿ ಸುದ್ದಿ ಹಾಕಿದರೆ ಕಾಯುವವರು ವಾದಕ್ಕಿಳಿಯುತ್ತಿದ್ದರು. ಕುರ್ಚಿಯಲ್ಲಿ ಕೂತವನೂ ಜೋಶಿನಲ್ಲಿ ತಲೆ ತಿರುಗಿಸಿದರೆ ಕಿವಿಗೆ ಕತ್ತರಿ ತಾಗುವ ಭಯ. ಹೀಗಿರುವಾಗ ಕ್ಷೌರಿಕನ ಹೆಂಡತಿಯ ತಮ್ಮ ಮನೆ ಬದಲಾಯಿಸಿದ. "ಇದನ್ನೆಲ್ಲ ಹೊತ್ಕೊಂಡು ಹೋಗೋಕಾಗಲ್ಲ ಭಾವ, ನೀವೇ ಇಟ್ಕೊಳ್ಳಿ" ಎಂದು ತನ್ನ ಹಳೆಯ ವಿಡಿಯೊ ಗೇಮಿನ ಪೆಟ್ಟಿಗೆ ಕೊಟ್ಟುಹೋದ. ಕ್ಷೌರಿಕ ಅದನ್ನು ಅಂಗಡಿಯ ಟಿವಿಗೆ ಜೋಡಿಸಿದ.

ಹೆಸರುವಾಸಿ ಆಟಗಳು ಅವನಿಗೆ ಹಿಡಿಸಲಿಲ್ಲ. ಲೋಕವೆಲ್ಲ ಹೊಗಳಿ ಮುಗಿಸಿದ ಮೇಲೆ ತಾನು ಹೊಸದಾಗಿ ನೋಡುವುದೇನಿದೆ ಅನ್ನಿಸಿತು. ಹುಡುಕುತ್ತ ಹೋದಾಗ, ಆಟಗಳನ್ನು ಮಾರುವ ಪುಟದ ಒಂದು ಮೂಲೆಯಲ್ಲಿ ಇನ್ನೂ ತಯಾರಾಗುತ್ತಿರುವ ಆಟಗಳು ಕಂಡವು. ಒಬ್ಬರೋ ಇಬ್ಬರೋ ತಮ್ಮ ಮನೆಯಲ್ಲೇ ಕೂತು ಮಾಡುತ್ತಿದ್ದವು; ಮೊದಲ ತುಣುಕನ್ನು ಪುಕ್ಕಟೆ ಆಡಲು ಬಿಟ್ಟಿದ್ದರು. ಒಂದರಲ್ಲಿ ನಿದ್ದೆ ಬಾರದ ಆನೆಯನ್ನು ಮಲಗಿಸಬೇಕು. ಇನ್ನೊಂದರಲ್ಲಿ ಆಡುವವನೇ ಗಾಳಿಪಟದ ದಾರ. ಮತ್ತೊಂದರಲ್ಲಿ ಓಡುತ್ತ ಓಡುತ್ತ ಹೊಳೆಯ ದಂಡೆಗೆ ಬಂದರೆ, "ಇಲ್ಲಿ ಮುಂದೆ ಸೇತುವೆ ಬರುತ್ತದೆ" ಎಂಬ ಬೋರ್ಡು ಮಾತ್ರ ನಿಂತಿತ್ತು. ಆ ಬೋರ್ಡನ್ನು ನೋಡಿ ಅವನಿಗಾದ ಖುಷಿ ಅಷ್ಟಿಷ್ಟಲ್ಲ.

ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸದಲ್ಲಿದ್ದ ಹೆಂಡತಿ ಕೇಳಿದಳು, "ಅಲ್ಲಾ ರೀ, ಪೂರ್ತಿಯಾಗಿರೋ ಆಟ ಒಂದೂ ಸಿಗಲ್ವಾ ನಿಮಗೆ?"

"ಪೂರ್ತಿಯಾದ ಮೇಲೆ ಮಾಡಿದವರು ಎದ್ದು ಹೋಗಿರ್ತಾರೆ ಕಣೇ. ಇದ್ರಲ್ಲಿ ಅವರಿನ್ನೂ ಒಳಗೇ ಓಡಾಡ್ತಿರ್ತಾರೆ."

"ಹಾಗಾದ್ರೆ ಹುಷಾರು, ಅವರ ಕಾಲು ತುಳಿದುಬಿಟ್ಟೀರಿ" ಎಂದು ಅವಳು ಚೀಲ ಹೆಗಲಿಗೇರಿಸಿ ಹೊರಟಳು.

ಬೆಂಚಿನವರಿಗೂ ನಿಧಾನಕ್ಕೆ ರುಚಿ ಹತ್ತಿತು. ಆಡುವ ಸಾಧನವನ್ನು ಅವರು ರಿಮೋಟು ಎನ್ನುತ್ತಿದ್ದರು. ಒಬ್ಬನ ಸರದಿ ಬಂದು ಕುರ್ಚಿಗೆ ಹೋದರೆ ರಿಮೋಟು ಪಕ್ಕದವನ ಕೈಗೆ. ಸದಾ ಅರೆಬರೆ ಆಟಗಳನ್ನೇ ಆಡಿ ನೋಡುವ ಅಂಗಡಿಯವನಿಗೆ ಟ್ರಯಲ್ ಅಣ್ಣ ಎಂಬ ಹೆಸರು ಬಿತ್ತು.

ಒಂದು ವಾರ ಅವನು ಲಿಫ್ಟಿನ ಆಟವೊಂದನ್ನು ತಂದ. ಹಳೆಯ ಕಟ್ಟಡದ ಲಿಫ್ಟು ನಡೆಸುವವರೇ ನಾವು, ಹೊರಗೆ ಕಾಲಿಡುವಂತಿಲ್ಲ. ಬಾಗಿಲು ತೆರೆದಲ್ಲೆಲ್ಲ ಯಾರೋ ಏನೋ ಹೇಳುತ್ತಾರೆ, ಕೇಳಿಸಿಕೊಂಡು ಮುಂದಿನ ಮಹಡಿಗೆ ಹೋಗಬೇಕು. ನಾಲ್ಕನೇ ಮಹಡಿಯಲ್ಲಿ ಒಂಟಿ ಚಪ್ಪಲಿ ಹಿಡಿದ ಹೆಂಗಸು. "ಇದರ ಜೋಡಿ ನೋಡಿದ್ರಾ? ನಿನ್ನೆ ಇಲ್ಲೇ ಇತ್ತು. ಇರ್ಲಿ, ನೀವು ಹೊರಡಿ. ಆದ್ರೂ ಒಂದು ಮಾತು..." ಎಂದು ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡುತ್ತಿದ್ದಳು.

ಎಲ್ಲರೂ ಅಲ್ಲಿಂದ ಮುಂದೆ ಹೋದರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಬಿಟ್ಟು. ತಲೆಯಲ್ಲಿ ಕೂದಲು ನೆಪಕ್ಕಷ್ಟೇ ಇದ್ದರೂ ಅವರು ದಿನಾ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಬಂದವರೇ ಲಿಫ್ಟನ್ನು ನಾಲ್ಕನೇ ಮಹಡಿಗೆ ತಂದು ನಿಲ್ಲಿಸಿಬಿಡುತ್ತಿದ್ದರು. ಕ್ಷೌರಿಕನಿಗೆ ಇದು ಮೋಜೆನಿಸಿ ಆ ಆಟದ ಪುಟದಲ್ಲೇ ಒಂದು ಸಾಲು ಹಾಕಿದ: ನಮ್ಮ ಅಂಗಡಿಯಲ್ಲಿ ಕ್ಷೌರಕ್ಕೆ ಕಾಯುವವರು ನಿಮ್ಮ ಲಿಫ್ಟು ಹತ್ತುತ್ತಿದ್ದಾರೆ. ಕೆಳಗೆ ಅಂಗಡಿಯ ಹೆಸರು, ಬೀದಿ.

ಕೆಲವು ವಾರಗಳ ನಂತರ ಅಂಗಡಿಗೆ ಒಬ್ಬಳು ಹೆಂಗಸು ಬಂದಳು. ಮೂವತ್ತರ ಆಸುಪಾಸು. "ಕೂದಲು ಕತ್ತರಿಸ್ತೀರಾ?" ಎಂದಳು. ಆಗಲೇ ಗಿಡ್ಡ ಮಾಡಿಸಿದ್ದ ತಲೆ. ಕ್ಷೌರಿಕ ಬೆಂಚು ತೋರಿಸಿ ಅರ್ಧ ಬೋಳಿಸಿದ್ದ ಗಡ್ಡದ ಕಡೆ ತಿರುಗಿದ.

ಅವನಿಗೆ ಅರ್ಧ ಊರಿನ ಪರಿಚಯ ಕನ್ನಡಿಯಲ್ಲೇ ಆದದ್ದು. ಆ ದಿನವೂ ಕನ್ನಡಿಯಲ್ಲಿ ಕಣ್ಣು ಹಾಯಿಸಿದಾಗ ಒಂದು ವಿಚಿತ್ರ ಕಂಡಿತು. ಟಿವಿಯಲ್ಲಿ ಒಂಟಿ ಚಪ್ಪಲಿಯ ಹೆಂಗಸು ಮಾತಾಡುತ್ತಿದ್ದಳು. ಬೆಂಚಿನ ಮೇಲೆ ಈಕೆಯ ತುಟಿಗಳೂ ಅದೇ ಮಾತಿಗೆ ಸದ್ದಿಲ್ಲದೆ ಅಲುಗುತ್ತಿದ್ದವು. ಕೈಯಲ್ಲಿದ್ದ ಕತ್ತಿ ನಿಂತಿತು. ಈ ಊರಿನಲ್ಲಿ ಆ ಆಟವಿದ್ದದ್ದು ತನ್ನ ಅಂಗಡಿಯಲ್ಲಿ ಮಾತ್ರ ಎಂದು ಅವನು ತಿಳಿದಿದ್ದ.

"ಮೇಷ್ಟ್ರೇ," ಎಂದ, "ನಿಮ್ಮ ಪಕ್ಕದಲ್ಲಿ ಕೂತಿರೋರನ್ನ ಸ್ವಲ್ಪ ಮಾತಾಡಿಸಿ. ನನಗ್ಯಾಕೋ ಅವರೇ ಅನ್ಸುತ್ತೆ."

"ಅವರೇ ಅಂದ್ರೆ ಯಾರು?"

"ಲಿಫ್ಟು ಕಟ್ಟಿದವರು."

ಆಕೆಯ ಮುಖ ಕೆಂಪಾಯಿತು. ಒಪ್ಪಿಕೊಂಡಳು. ಹಗಲು ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ, ಉಳಿದ ಹೊತ್ತು ಆಟ, ಸಂಗೀತ ಅಣ್ಣನದು. ಆಡುವವರು ಯಾವ ಮಹಡಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅವಳಿಗೆ ತನ್ನ ಕಂಪ್ಯೂಟರಿನಲ್ಲೇ ತಿಳಿಯುತ್ತಿತ್ತಂತೆ. ಎಲ್ಲರೂ ನಾಲ್ಕನೇ ಮಹಡಿಯನ್ನು ಕ್ಷಣದಲ್ಲಿ ದಾಟುತ್ತಿದ್ದರೆ, ಒಂದು ಲಿಫ್ಟು ಮಾತ್ರ ಅಲ್ಲೇ ಗಂಟೆಗಟ್ಟಲೆ. "ಏನೋ ಕೆಟ್ಟಿದೆ ಅಂದ್ಕೊಂಡೆ. ಅಷ್ಟೊತ್ತಿಗೆ ನಿಮ್ಮ ಸಾಲು ನೋಡ್ದೆ. ಬಂದೇ ನೋಡೋಣ ಅನ್ನಿಸ್ತು."

ಅವಳು ಮೇಷ್ಟ್ರ ಕಡೆ ತಿರುಗಿದಳು. "ಯಾಕೆ ಸಾರ್ ಮುಂದೆ ಹೋಗಲ್ಲ ನೀವು?"

"ಆಕೆ ಒಂದು ಮಾತು ಅಂತಾಳೆ ತಾಯಿ. ಹೇಳೋಕೆ ಹೊರಟವರ ಮುಖದ ಮೇಲೆ ಬಾಗಿಲು ಹಾಕೋದು ಹೇಗೆ?"

"ಆ ಮಾತು ನಾನಿನ್ನೂ ಬರೆದೇ ಇಲ್ಲ ಸಾರ್. ಯಾರೂ ಅಷ್ಟು ಹೊತ್ತು ನಿಂತು ಕೇಳಲ್ಲ ಅಂತ ಹಾಗೇ ಬಿಟ್ಟಿದ್ದೆ. ಏನು ಹೇಳ್ಬಹುದು ಆಕೆ?"

"ಒಳ್ಳೇ ಕತೆ. ಗೊತ್ತಿದ್ದಿದ್ರೆ ನಾನ್ಯಾಕೆ ಇಷ್ಟು ದಿನ ಕಾಯ್ತಿದ್ದೆ?"

ಬೆಂಚೆಲ್ಲ ನಕ್ಕಿತು. ಆಮೇಲೆ ಒಬ್ಬೊಬ್ಬರದೂ ಒಂದೊಂದು ಊಹೆ. ಚಪ್ಪಲಿ ಗಂಡನದು ಎಂದ ಒಬ್ಬ. ಅವಳೇ ಬಚ್ಚಿಟ್ಟಿದ್ದಾಳೆ ಎಂದ ಅರ್ಧ ಗಡ್ಡ ಬೋಳಿಸಿಕೊಂಡವನು. ಆಟ ಕಟ್ಟಿದವಳು ಹೆಗಲಿಗೆ ಬಟ್ಟೆ ಸುತ್ತಿಸಿಕೊಂಡು ಕುರ್ಚಿಯಲ್ಲಿ ಕೂತ ಮೇಲೂ ಊಹೆಗಳು ನಿಲ್ಲಲಿಲ್ಲ. ಕತ್ತರಿಸಲು ಏನೂ ಇಲ್ಲದ ತಲೆಯ ಸುತ್ತ ಕ್ಷೌರಿಕ ಕತ್ತರಿಯ ಸದ್ದು ಮಾಡುತ್ತ ಹೊತ್ತು ತಳ್ಳಿದ, ಅವಳು ಇನ್ನಷ್ಟು ಕೇಳಿಸಿಕೊಳ್ಳಲಿ ಎಂದು.

ಆಟ ಪೂರ್ತಿಯಾಗಿ ಹೊರಬಂದದ್ದು ಮರುವರ್ಷ. ಮೇಷ್ಟ್ರು ಲಿಫ್ಟನ್ನು ನೇರ ನಾಲ್ಕನೇ ಮಹಡಿಗೆ ಒಯ್ದರು. ಹೆಂಗಸು ಅದೇ ಮಾತು ಹೇಳಿದಳು, "ಆದ್ರೂ ಒಂದು ಮಾತು" ಎಂದು ನಿಲ್ಲಿಸಿದಳು. ಮೇಷ್ಟ್ರು ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಕೈಯಲ್ಲಿದ್ದ ಚಪ್ಪಲಿಯನ್ನು ಹೊಸ್ತಿಲ ಬಳಿ ಬಿಟ್ಟು, ಬರಿಗಾಲಲ್ಲಿ ಲಿಫ್ಟಿನೊಳಗೇ ಬಂದು ನಿಂತಳು. ಒಂದೂ ಮಾತಾಡಲಿಲ್ಲ. ಇದನ್ನು ಬೆಂಚಿನಲ್ಲಿ ಯಾರೂ ಊಹಿಸಿರಲಿಲ್ಲ. ಮೇಷ್ಟ್ರು ತಮಗರಿವಿಲ್ಲದೆ ಕೂತಲ್ಲೇ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಆ ಆಟಕ್ಕೆ ಭಾರಿ ಹೆಸರೇನೂ ಬರಲಿಲ್ಲ. ಆದರೆ ಅದನ್ನು ಕಟ್ಟಿದವಳಿಗೆ ಎರಡನೆಯದನ್ನು ಶುರುಮಾಡುವಷ್ಟು ಧೈರ್ಯ ಬಂತು. ತನ್ನಂತೆಯೇ ಒಂಟಿಯಾಗಿ ಆಟ ಮಾಡುವ ಗೆಳೆಯರಿಗೆ ಈ ಅಂಗಡಿಯ ವಿಳಾಸವನ್ನೂ ಕೊಟ್ಟಳು. ಹೀಗೆ ಎಲ್ಲೂ ಕಾಣದ ಆಟಗಳು ನೇರ ಟ್ರಯಲ್ ಅಣ್ಣನಿಗೆ ಬರತೊಡಗಿದವು.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು. ರಜೆಯಲ್ಲಿದ್ದ ಹೆಂಡತಿ ಊಟದ ಡಬ್ಬಿ ತಂದವಳು, ಅವನು ಉಣ್ಣುವವರೆಗೆ ಮಾಡಲು ಕೆಲಸವಿಲ್ಲದೆ ರಿಮೋಟು ಎತ್ತಿಕೊಂಡಳು. ಹೊಸದಾಗಿ ಬಂದಿದ್ದ ಆಟ. ಪರದೆಯೆಲ್ಲ ಕತ್ತಲು, ಎಲ್ಲೋ ನೀರು ಹರಿಯುವ ಸದ್ದು.

"ರೀ, ಇದು ಕೆಟ್ಟಿದೆಯಾ, ಇಲ್ಲಾ ಇರೋದೇ ಹೀಗಾ?"

"ನನಗೂ ಗೊತ್ತಿಲ್ಲ. ಇನ್ನೊಂಚೂರು ಮುಂದೆ ಹೋಗು, ನೋಡೋಣ."

ಅವಳು ಬೆಂಚಿನ ತುದಿಗೆ ಜರುಗಿ ಕೂತು, ಆಟದ ಕತ್ತಲಲ್ಲಿ ನೀರಿನ ಸದ್ದು ಬಂದ ಕಡೆಗೆ ನಡೆಯತೊಡಗಿದಳು.