ಕತ್ತಿಯ ಮೇಲಿನ ಕೆಂಪು

ಆ ದಿನ ಕತ್ತಿಯ ಅಲಗಿನ ಮೇಲೆ ಕಂಡ ಕೆಂಪು ತುಕ್ಕಾಗಿತ್ತೋ ತಾಮ್ರವಾಗಿತ್ತೋ ನನಗೆ ಖಚಿತವಿಲ್ಲ. ಖಚಿತವಿದೆ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದೆನೆಂಬುದು ಮಾತ್ರ ಖಚಿತ. ಸಾಗರದ ನನ್ನ ಬಾಡಿಗೆ ಮನೆಯಲ್ಲಿ, ಒಬ್ಬನೇ ಉಣ್ಣುವವನಿಗೆ ಬೇಕಾದ್ದಕ್ಕಿಂತ ಉದ್ದವಾದ ಅಡುಗೆಕಟ್ಟೆಯ ತುದಿಯಲ್ಲಿ, ಒಂದು ಗಾಜಿನ ತಟ್ಟೆ ಇದೆ. ಅದರಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟು, ಕರಗಿಸಿದ ನೀಲಿ ನೀರು, ನಡುವೆ ಒಂದು ತಂತಿಯ ಮೊನೆ, ಸುತ್ತ ತಾಮ್ರದ ಬಳೆ, ಪಕ್ಕದಲ್ಲಿ ಬ್ಯಾಟರಿ. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾಗಿ ಪ್ರತಿವರ್ಷ ಮಕ್ಕಳಿಗೆ ತೋರಿಸುತ್ತಿದ್ದ ಆಟವಿದು. ನಿವೃತ್ತನಾದ ಮೇಲೆ ನನಗೆ ನಾನೇ ತೋರಿಸಿಕೊಳ್ಳುತ್ತೇನೆ.

ಆಟ ಇಷ್ಟೆ. ನೀರಿನಲ್ಲಿ ಕರಗಿದ ತಾಮ್ರದ ಕಣಗಳು ಗೊತ್ತುಗುರಿಯಿಲ್ಲದೆ ಅತ್ತ ಎರಡು ಹೆಜ್ಜೆ, ಇತ್ತ ಒಂದು ಹೆಜ್ಜೆ ಎಂಬಂತೆ ಅಲೆಯುತ್ತವೆ. ಅಲೆಯುತ್ತ ಬಂದು ಮೊನೆಗೆ ತಾಗಿದ್ದು ಅಲ್ಲೇ ಅಂಟಿಕೊಳ್ಳುತ್ತದೆ, ಹಿಂದಿನಿಂದ ಬಂದದ್ದು ಅದಕ್ಕೆ ಅಂಟುತ್ತದೆ, ಹೀಗೆ ನೋಡನೋಡುತ್ತ ಕೊಂಬೆ, ಕೊಂಬೆಗೆ ಕವಲು, ಕವಲಿಗೆ ಕಡ್ಡಿ. ಯಾವ ತುಣುಕನ್ನು ಹಿಗ್ಗಿಸಿ ನೋಡಿದರೂ ಇಡೀ ಮರದ್ದೇ ಚಹರೆ. ಆದರೆ ನನ್ನ ಕಣ್ಣು ನಿಲ್ಲುವುದು ಕೊಂಬೆಗಳ ನಡುವಿನ ಖಾಲಿಯ ಮೇಲೆ. ಹೊರಗೆ ಚಾಚಿದ ತುದಿಗಳು ಬಂದ ಕಣವನ್ನೆಲ್ಲ ದಾರಿಯಲ್ಲೇ ಹಿಡಿದುಬಿಡುವುದರಿಂದ ಒಳಗಿನ ಸಂದುಗಳಿಗೆ ಯಾವುದೂ ತಲುಪುವುದಿಲ್ಲ. ಸುತ್ತ ಅಷ್ಟೊಂದು ಕೈಗಳಿದ್ದೂ ಆ ಸಂದು ಕೊನೆಯವರೆಗೆ ಬರಿದು. ಒಬ್ಬನೇ ಇರುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ನೆನಪೂ ಹೀಗೇ ಬೆಳೆದದ್ದು. ಅದರ ಮೊನೆ ತಿಮ್ಮಪ್ಪ.

ಹುಂಚದ ಬಳಿಯ ನನ್ನ ಸೋದರಮಾವನಿಗೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆದುಕೊಡುತ್ತಿದ್ದವನು ತಿಮ್ಮಪ್ಪ. ಮೈಲುತುತ್ತದ ನೀರಿಗೆ ಸುಣ್ಣದ ನೀರು ಬೆರೆಸುವುದು, ಮಸೆದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವುದು, ಅಲಗು ಕೆಂಪಾದರೆ ತಾಮ್ರ ಇನ್ನೂ ಬಿಡಿಯಾಗಿದೆ, ಕಾಯಿ ಸುಡುತ್ತದೆ ಎಂದು ಮತ್ತಷ್ಟು ಸುಣ್ಣ ಹಾಕುವುದು ಆತನ ಕ್ರಮ. ಆ ವರ್ಷ ನಾನು ಹೊಸದಾಗಿ ಎಂಎಸ್ಸಿ ಮುಗಿಸಿ ರಜೆಗೆ ಹೋಗಿದ್ದೆ. ಸುಣ್ಣ, ತುತ್ತ ಎರಡನ್ನೂ ತಕ್ಕಡಿಯಲ್ಲಿ ತೂಗಿ ಕೊಟ್ಟವನು ನಾನೇ. ತಿಮ್ಮಪ್ಪ ಕತ್ತಿ ಅದ್ದಿ ಎತ್ತಿದ.

"ಸುಣ್ಣ ಸಾಲ್ದು ಮಾರಾಯ್ರೆ. ಕೆಂಪು ಕೂತದೆ ನೋಡಿ."

"ಅದು ತುಕ್ಕು," ಎಂದೆ ನಾನು. "ಲೆಕ್ಕ ಸರಿ ಇದೆ."

"ಅವ ಎಂಎಸ್ಸಿ ಓದಿದಾನೆ. ನಿನ್ನ ಕತ್ತಿ ಎಂತ ಓದಿದೆ ತಿಮ್ಮಪ್ಪ?" ಎಂದು ಮಾವ ನಕ್ಕರು. ನಾನೂ ನಕ್ಕೆ. ತಿಮ್ಮಪ್ಪ ಅದೇ ಮದ್ದನ್ನು ಹೊಡೆದ.

ವಾರದೊಳಗೆ ಎಳೆಗಾಯಿಗಳು ಸುಟ್ಟಂತೆ ಕಪ್ಪಾಗಿ ಉದುರಿದವು. ಮಾವ ತಿಮ್ಮಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಬೈದರು. ಮದ್ದು ಕೆಡಿಸುವವನೆಂಬ ಹೆಸರು ಹರಡಿ, ಸುತ್ತಲಿನ ಯಾರೂ ಆತನನ್ನು ಕರೆಯದಾದರು. ಆತ ಹೆಂಡತಿಯೊಂದಿಗೆ ಮಂಡಗದ್ದೆಯ ಕಡೆ ಹೋದ. ನಾನು ಬಾಯಿ ಬಿಡಲಿಲ್ಲ. ಬಿಡದಿದ್ದುದಕ್ಕೆ ಕಾರಣಗಳು ಆಮೇಲೆ ಒಂದೊಂದಾಗಿ ಅಲೆಯುತ್ತ ಬಂದು ಅಂಟಿಕೊಂಡವು: ಆಮೇಲೆ ಬೆರೆಸಿದ ಎರಡನೆಯ ಪೀಪಾಯಿಗೆ ಅವನೇ ಸುಣ್ಣ ಕಡಿಮೆ ಹಾಕಿರಬೇಕು, ಅವನಿಗೆ ಅವಸರವಿತ್ತು, ಸುಣ್ಣವೇ ಹಳೆಯದಿತ್ತು. ಕಂಡದ್ದು ತುಕ್ಕು ಎಂಬ ಮೊದಲ ಕಣಕ್ಕೆ ಇಷ್ಟು ದೊಡ್ಡ ಮರ ಬೆಳೆಯಿತು. ಹೊರಗಿನಿಂದ ಬಂದ ಯಾವ ಸಂಶಯವೂ ನಡುವಿನ ಆ ಖಾಲಿ ಜಾಗಕ್ಕೆ ತಲುಪಲಿಲ್ಲ. ಎಲ್ಲವನ್ನೂ ಸಂಶಯಿಸಬೇಕೆಂದು ಮಕ್ಕಳಿಗೆ ಕಲಿಸುತ್ತಿದ್ದವನು ನಾನು.

ಕಳೆದ ತಿಂಗಳು ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ಮತ್ತೆ ಮಂಡಗದ್ದೆ ಎಂದು ಬಸ್ಸು ಬದಲಿಸುತ್ತ ಹೋದೆ. ಮರ ಹತ್ತಲಾಗದ ತಿಮ್ಮಪ್ಪ ಈಗ ಅಂಗಳದಲ್ಲಿ ಕೂತು ಊರವರ ಕತ್ತಿ ಮಸೆದುಕೊಡುತ್ತಾನೆ.

"ಓಹೋ, ಮೇಷ್ಟ್ರು! ದಾರಿ ತಪ್ತಾ?"

"ಇಲ್ಲ ತಿಮ್ಮಪ್ಪಣ್ಣ, ನಿಮ್ಮನ್ನ ನೋಡೋಕೇ ಬಂದೆ. ಅವತ್ತಿನ ಕತ್ತಿ ನೆನಪಿದ್ಯಾ?"

"ನೆನಪಿಲ್ದೆ ಎಂತ? ಬೆಳಿಗ್ಗೆ ಮಸೆದಿದ್ದೆ. ಅದ್ದೋ ಮೊದ್ಲು ಬೆಳ್ಳಿ ಹಂಗೆ ಹೊಳೀತಿತ್ತು."

ಅದು ನನಗೂ ನೆನಪಿತ್ತು. ಹೊಳೆಯುವ ಅಲಗು ನೀರಿಗೆ ಇಳಿದದ್ದು ಇಬ್ಬರ ನೆನಪಿನಲ್ಲೂ ಒಂದೇ. ಮೇಲೆ ಬಂದ ಮೇಲೆ ಮಾತ್ರ ಕತ್ತಿ ಎರಡಾಗಿತ್ತು: ಆತನದಕ್ಕೆ ತಾಮ್ರ, ನನ್ನದಕ್ಕೆ ತುಕ್ಕು.

"ತುಕ್ಕೇ ಇದ್ದಿರಬಹುದಲ್ಲಾ?" ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ.

ತಿಮ್ಮಪ್ಪ ಕೈಲಿದ್ದ ತನ್ನದೇ ಕತ್ತಿಯನ್ನು ಒರೆಸಿ ನನ್ನ ಮುಂದೆ ಇಟ್ಟ. "ತಗಂಡ್ಹೋಗಿ. ನೀವು ಓದಿದೋರು, ನೋಡಿ ಹೇಳಿ."

"ಚಾ ಆರ್ತದೆ," ಎಂದಳು ಆತನ ಹೆಂಡತಿ ಬಾಗಿಲಿನಿಂದ. "ಇಷ್ಟು ತಡ ಮಾಡಿ ಬಂದೋರಿಗೆ ಬಿಸಿ ಬೇರೆ ಬೇಕಾ?" ಎಂದು ತಿಮ್ಮಪ್ಪ ನಕ್ಕ. ನಾನು ಆರಿದ್ದನ್ನೇ ಕುಡಿದೆ.

ಮನೆಗೆ ಬಂದು ಅಡುಗೆಕಟ್ಟೆಯ ಮೇಲೆ ಎರಡು ಬಕೆಟ್ಟಿನಲ್ಲಿ ಮದ್ದು ಬೆರೆಸಿದೆ. ಬೇಕಾದ್ದೇನು ಮಹಾ, ತುತ್ತ, ಸುಣ್ಣ, ನೀರು, ಒಂದು ಕತ್ತಿ. ಮೂವತ್ತು ವರ್ಷ ನನ್ನ ಪ್ರಯೋಗಾಲಯದ ಕಪಾಟಿನಲ್ಲೇ ಇದ್ದ ಸರಕು. ಒಂದು ಬಕೆಟ್ಟಿಗೆ ಸುಣ್ಣ ಧಾರಾಳವಾಗಿ ಹಾಕಿದೆ, ಇನ್ನೊಂದಕ್ಕೆ ಕೈ ಬಿಗಿ ಹಿಡಿದೆ. ಸುಣ್ಣ ಕಡಿಮೆಯಿದ್ದುದರಲ್ಲಿ ಅದ್ದಿದ ಅಲಗಿನ ಮೇಲೆ ನಿಮಿಷಗಳಲ್ಲೇ ತೆಳುವಾದ ಕೆಂಪು ಕೂತಿತು, ನನ್ನ ತಟ್ಟೆಯ ಮರದ್ದೇ ಕೆಂಪು. ಅದನ್ನು ಉಜ್ಜಿ, ಮತ್ತೆ ಮಸೆದು, ಸುಣ್ಣ ಧಾರಾಳವಾಗಿದ್ದ ಬಕೆಟ್ಟಿನಲ್ಲಿ ಮುಳುಗಿಸಿ ಒಂದಿಡೀ ದಿನ ಬಿಟ್ಟೆ. ಹೊರತೆಗೆದಾಗ ಅದು ತಿಮ್ಮಪ್ಪ ಕೊಟ್ಟಾಗ ಇದ್ದಂತೆಯೇ ಹೊಳೆಯುತ್ತಿತ್ತು. ನನ್ನ ಲೆಕ್ಕ ಸರಿ ಇದ್ದಿದ್ದರೆ ಅವತ್ತು ಅಲಗಿನ ಮೇಲೆ ಯಾವ ಕೆಂಪೂ ಕಾಣುತ್ತಿರಲಿಲ್ಲ.

ತಟ್ಟೆಯ ಬ್ಯಾಟರಿಯನ್ನು ಬಿಚ್ಚಿಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಕತ್ತಿಯನ್ನು ಹಿಂತಿರುಗಿಸಬೇಕು, ಮತ್ತು ಆತನ ಅಂಗಳದಲ್ಲಿ ನಿಂತು ಒಂದು ಮಾತು ಹೇಳಬೇಕು. ಉಳಿದದ್ದರ ಬಗ್ಗೆ ನನ್ನ ನೆನಪನ್ನು ನಂಬಬೇಡಿ. ಇದೊಂದನ್ನು ಮಾತ್ರ ಪರೀಕ್ಷಿಸಿ ನೋಡಿದ್ದೇನೆ: ಸುಣ್ಣ ಸಾಕಷ್ಟಿರುವ ಮದ್ದಿನಲ್ಲಿ ಕತ್ತಿಗೆ ತುಕ್ಕು ಹಿಡಿಯುವುದಿಲ್ಲ.