ಮಧ್ಯಾಹ್ನ ನಿಲ್ಲುತ್ತಿದ್ದ ಎಸಿ

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮೊದಲು ಫ್ರಿಜ್ ರಿಪೇರಿ ಮಾಡುತ್ತಿದ್ದೆ, ಈಗ ಬಹುಪಾಲು ಎಸಿಯ ಕೆಲಸವೇ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಕಡೆಯಿಂದ ಫೋನು ಬರುತ್ತದೆ. ನಮ್ಮ ಕಡೆ ಎಸಿ ಕೆಡುವುದಕ್ಕೆ ಬಹಳ ಕಾರಣಗಳಿಲ್ಲ. ಎರೆಮಣ್ಣಿನ ಧೂಳು ಒಳಗಿನ ಜಾಳಿಗೆಯಲ್ಲಿ ಕೂತು ಗಾಳಿ ಕಟ್ಟುತ್ತದೆ. ಕರೆಂಟಿನ ಏರುಪೇರಿಗೆ ಕೆಪಾಸಿಟರ್ ಸೊರಗಿ ಹೊರಗಿನ ಯಂತ್ರ ಎದ್ದೇಳುವುದಿಲ್ಲ. ನೀರು ಹೋಗುವ ಪೈಪಿನಲ್ಲಿ ಕಸ ಸಿಕ್ಕಿ ಗೋಡೆಯ ಮೇಲೆ ಇಳಿಯುತ್ತದೆ. ಹಲ್ಲಿಯೊಂದು ಬೋರ್ಡಿನ ಮೇಲೆ ಹತ್ತಿ ತಾನೂ ಸತ್ತು ಬೋರ್ಡನ್ನೂ ಸುಡುತ್ತದೆ. ಜನ ಫೋನಿನಲ್ಲಿ ಹೇಳುವ ಮೊದಲ ಮಾತಿನಲ್ಲೇ ಇವುಗಳಲ್ಲಿ ಯಾವುದೆಂದು ಸಾಧಾರಣವಾಗಿ ಅಂದಾಜಾಗುತ್ತದೆ. ಶಿರಹಟ್ಟಿಯ ಆ ಮನೆಯದು ಮಾತ್ರ ಅಂದಾಜಾಗಲಿಲ್ಲ.

ಫೋನು ಮಾಡಿದವನು ಲಕ್ಷ್ಮೇಶ್ವರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಅವನ ಅಣ್ಣ ಶಿರಹಟ್ಟಿಯಲ್ಲಿ ಕಟ್ಟಿಗೆ ಅಡ್ಡೆ ನಡೆಸುತ್ತಿದ್ದ. ಮೋಟಾರ್ ಸೈಕಲ್ಲಿನಿಂದ ಬಿದ್ದು ಕುತ್ತಿಗೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಕೈ ಏಳುತ್ತಿರಲಿಲ್ಲ, ಕಾಲು ಏಳುತ್ತಿರಲಿಲ್ಲ. ಕುತ್ತಿಗೆಯ ಕೆಳಗೆ ಮೈ ಬೆವರುವುದೂ ನಿಂತುಹೋಗಿತ್ತು. ಬೆವರದ ಮೈಯಲ್ಲಿ ಶಾಖ ಒಳಗೇ ಉಳಿಯುತ್ತದೆ, ಖೋಲಿ ತಂಪಾಗಿರದಿದ್ದರೆ ಜೀವಕ್ಕೆ ಅಪಾಯ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಕಳಿಸಿದ್ದರಂತೆ. ಹಾಗಾಗಿ ತಮ್ಮ ಎಸಿ ಕೊಡಿಸಿದ್ದ. ಅದು ಸರಿಯಾಗಿ ತಂಪು ಮಾಡುವುದಿಲ್ಲ ಎನ್ನುವುದು ಅವನ ದೂರು.

ನಾನು ಹೋದಾಗ ಸಂಜೆಯಾಗಿತ್ತು. ಖೋಲಿ ಚೆನ್ನಾಗಿಯೇ ತಂಪಾಗಿತ್ತು. ಮಂಚದ ಮೇಲೆ ದೊಡ್ಡ ಎಲುಬಿನ ಮನುಷ್ಯ ಮುಖ ಮೇಲೆ ಮಾಡಿ ಮಲಗಿದ್ದ. ಹೆಂಡತಿ ಪಕ್ಕದಲ್ಲಿ ಕೂತು ಚಮಚದಿಂದ ನೀರು ಕುಡಿಸುತ್ತಿದ್ದಳು.

"ಏನ್ ತೊಂದ್ರಿ ಐತ್ರಿ?" ಎಂದು ಕೇಳಿದೆ.

"ಮಧ್ಯಾಹ್ನ ಬಿಸಿ ಗಾಳಿ ಉಗುಳತೈತಿ," ಎಂದ ಅವನು. "ನಾಲಿಗಿ ಒಣಗಿ ಕಟ್ಟಿಗಿ ಆಗತೈತಿ."

"ರಿಮೋಟ್ ಯಾರ ಕೈಯಾಗ ಇರತೈತ್ರಿ?"

"ನನ್ನ ಕೈ ಏಳತಾವೇನು? ಆಕಿ ಕೈಯಾಗ. ಈ ದರಿದ್ರದಾಕಿಗೆ ಒಂದು ಬಟನ್ ಒತ್ತಾಕ ಬರೂದಿಲ್ಲ."

ಹಾಗೆಂದವನು ಬಾಯಲ್ಲಿದ್ದ ನೀರನ್ನು ಆಕೆಯ ಮುಖಕ್ಕೆ ಉಗುಳಿದ. "ಉಗುರುಬೆಚ್ಚಗ ಐತಿ," ಎಂದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಗಡಿಗೆಯಿಂದ ಬೇರೆ ನೀರು ತಂದು ಮತ್ತೆ ಚಮಚ ಹಿಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ನಾನು ಜಾಳಿಗೆ ತೆಗೆದು ತೊಳೆದೆ, ಕಾಯಿಲ್ ಮೇಲಿನ ಧೂಳು ತೆಗೆದೆ, ಚಹಾ ಕುಡಿದು ಬಂದೆ.

ಮುಂದಿನ ವಾರ ಮತ್ತೆ ಫೋನು. ಹೋಗಿ ಕೆಪಾಸಿಟರ್ ಅಳೆದು ನೋಡಿದೆ, ತುಸು ಸೊರಗಿತ್ತು. ಹೊಸದು ಹಾಕಿದೆ. ಆಮೇಲೂ ಫೋನು ಬಂತು. ಗೇಜ್ ಹಚ್ಚಿ ಗ್ಯಾಸ್ ನೋಡಿದೆ, ಪೈಪು ಕೂಡುವ ಕಡೆಯೆಲ್ಲ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಕಾದೆ. ಒಂದೂ ಏಳಲಿಲ್ಲ. ನಾನು ಹೋದಾಗಲೆಲ್ಲ ಸಂಜೆಯಾಗಿರುತ್ತಿತ್ತು, ಎಸಿ ಹೊಸದರ ಹಾಗೆ ಓಡುತ್ತಿರುತ್ತಿತ್ತು. ತಮ್ಮ ಫೋನಿನಲ್ಲಿ ರೇಗಿದ. "ನಿಮ್ಮ ಕೈಲೆ ಆಗೂದಿಲ್ಲಂದ್ರ ಹೇಳಿಬಿಡ್ರಿ, ಬ್ಯಾರೆದವರನ್ನ ಕರಸ್ತೀನಿ."

ಒಂದು ದಿನ ಶಿರಹಟ್ಟಿಯ ಅರಿವೆ ಅಂಗಡಿಯೊಂದರಲ್ಲಿ ಕೆಲಸವಿತ್ತು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಬಂದಿದ್ದೇನೆ ಎಂದು ಯಾರಿಗೂ ಹೇಳದೆ ಆ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಖೋಲಿಯೊಳಗೆ ಕಾಲಿಟ್ಟರೆ ರೊಟ್ಟಿ ಸುಡುವ ಒಲೆಯ ಮುಂದೆ ನಿಂತ ಹಾಗಾಯಿತು. ಎಸಿಯ ದೀಪ ಉರಿಯುತ್ತಿತ್ತು, ಗಾಳಿ ಬರುತ್ತಿತ್ತು, ಆದರೆ ಬಿಸಿ ಗಾಳಿ. ಕಿಟಕಿಗಳು ಮುಚ್ಚಿದ್ದವು. ಮಲಗಿದವನ ಮುಖ ಕೆಂಪಾಗಿ ಊದಿತ್ತು. ಹಣೆಯ ಮೇಲೆ ಮಾತ್ರ ಬೆವರು, ಕುತ್ತಿಗೆಯ ಕೆಳಗೆ ಎದೆ ಒಣ ಕಾಗದದ ಹಾಗೆ. ಬಾಯಿ ತೆರೆದು ನಾಯಿಯಂತೆ ತೇಕುತ್ತಿದ್ದ. ಮುಟ್ಟಿ ನೋಡಿದೆ, ಕೈ ಹಿಂದೆ ತೆಗೆಯುವಷ್ಟು ಸುಡುತ್ತಿತ್ತು.

ಮಾಳಿಗೆಗೆ ಓಡಿದೆ. ಹೊರಗಿನ ಯಂತ್ರ ಅಲ್ಲಿತ್ತು. ಅದು ನಿಂತಿತ್ತು. ಪಕ್ಕದಲ್ಲಿ ಹಳೆಯ ಸೀರೆ ಹಾಸಿ, ನೀರಿನ ಟಾಕಿಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು, ಆಕೆ ಸಂಡಿಗೆ ಇಡುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಿದಳು. ಯಂತ್ರದ ಬದಿಗೆ ಗೋಡೆಯ ಮೇಲೆ ಅದರ ಸ್ವಿಚ್ಚಿನ ಡಬ್ಬಿ ಇತ್ತು. ಮುಚ್ಚಳ ತೆಗೆದೆ. ಸ್ವಿಚ್ಚು ಕೆಳಗಿತ್ತು. ಅದರ ಮೇಲೆ ಸಂಡಿಗೆಯ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟು.

ನಾನು ಸ್ವಿಚ್ಚು ಮೇಲೆತ್ತಿದೆ. ಸ್ವಲ್ಪ ಹೊತ್ತಿಗೆ ಯಂತ್ರ ಗುಂಯ್ ಎಂದು ಎದ್ದಿತು.

"ಅಕ್ಕಾರ, ಇದನ್ನ ನೀವ ಆರಿಸಿದ್ರೇನ್ರಿ?"

"ಹೌದ್ರಿ," ಎಂದಳು. "ದಿನಾ ಆರಸ್ತೀನಿ. ಬಿಸಲ ಇಳಿಯೂ ಹೊತ್ತಿಗೆ ಮತ್ತ ಹಚ್ಚತೀನಿ."

"ಅವರ ಜೀವಕ್ಕ ಅಪಾಯ ಐತ್ರಿ."

"ಗೊತ್ತೈತ್ರಿ. ಸಾಯೂಮಟ ಬಿಡೂದಿಲ್ಲ. ಆಗಾಗ ಕೆಳಗಿಳದು ನೋಡತಿರತೀನಿ, ಕಣ್ಣು ಮ್ಯಾಲ ಮಾಡಿದ ಕೂಡಲೇ ಬಂದು ಹಚ್ಚತೀನಿ. ಎಷ್ಟ ಹೊತ್ತು ತಡಕೋಬಹುದು ಅನ್ನೂದು ನನಗ ಗೊತ್ತೈತಿ. ಅವರ ಕಲಿಸ್ಯಾರ."

ಕೈಯಲ್ಲಿದ್ದ ಚಮಚದಿಂದ ಕೆಳಗೆ ಹಿತ್ತಲಿನತ್ತ ತೋರಿಸಿದಳು. ಅಲ್ಲಿ ತಗಡಿನ ಒಂದು ಖೋಲಿ ಇತ್ತು. ಮೇಲೂ ತಗಡು, ಸುತ್ತಲೂ ತಗಡು. ಅಡ್ಡೆಯ ಸಾಮಾನು ಇಡುವುದಕ್ಕೆ ಕಟ್ಟಿಸಿದ್ದು.

"ಬ್ಯಾಸಗ್ಯಾಗ ನನ್ನ ಅದರಾಗ ಹಾಕಿ ಕೀಲಿ ಹಾಕ್ತಿದ್ರು," ಎಂದಳು. "ಪಲ್ಯಾಕ ಉಪ್ಪು ಹೆಚ್ಚಾತಂತ ಒಮ್ಮೆ. ತವರಮನಿಗೆ ಫೋನ್ ಮಾಡಿದ್ನಂತ ಒಮ್ಮೆ. ಕೀಲಿ ಕಿಸೇದಾಗ ಇಟಗೊಂಡು ಉಂಡು ಮಲಗತಿದ್ರು. ನೀರು ಕೊಡ್ರಿ ಅಂತ ಬಾಗಲಾ ಬಡದ್ರ, ತಂಬಗಿ ತಂದು ಸಂದಿನ್ಯಾಗಿಂದ ಕಾಣೂವಂಗ ಹೊರಗ ಇಡತಿದ್ರು. ಕಾಣಬೇಕು, ಕೈಗೆ ಸಿಗಬಾರದು. ನಿದ್ದಿ ಆದಮ್ಯಾಲ ಬಂದು ತಗಿಯೂದು. ಲಗ್ನ ಆದಾಗಿಂದ ಎಲ್ಲಾ ಬ್ಯಾಸಗ್ಯಾಗೂ."

ಇಷ್ಟನ್ನು ಆಕೆ ಅಳದೆ, ದನಿ ಏರಿಸದೆ ಹೇಳಿದಳು. ಮತ್ತೆ ಸಂಡಿಗೆ ಇಡತೊಡಗಿದಳು.

ಕೆಳಗೆ ಬಂದೆ. ತಂಪು ಗಾಳಿ ಬರತೊಡಗಿತ್ತು. ಒದ್ದೆ ಅರಿವೆಯಿಂದ ಅವನ ಮುಖ, ಎದೆ ಒರೆಸಿದೆ. ತೇಕು ನಿಂತ ಮೇಲೆ ಕಣ್ಣು ತೆರೆದ.

"ಏನಾಗಿತ್ತು?" ಎಂದು ಕೇಳಿದ.

"ಮ್ಯಾಲಿನ ಸ್ವಿಚ್ ಬಿದ್ದಿತ್ರಿ."

"ಬಿದ್ದಿದ್ದಿಲ್ಲ. ಆಕಿ ಹೆಜ್ಜಿ ನನಗ ಮ್ಯಾಲ ಕೇಳಸ್ತಾವ. ಮೆಟ್ಲಾ ಹತ್ತೂದು, ಡಬ್ಬಿ ಕಿರ್ ಅನ್ನೂದು, ಎಲ್ಲಾ ಕೇಳಸತೈತಿ. ಮೊದಲನೆ ದಿನಾನ ಗೊತ್ತಾಗೇತಿ ನನಗ."

"ಮತ್ತ ಯಾಕ ಹೇಳಲಿಲ್ರಿ?"

"ಯಾರು ನಂಬತಾರ? ಓಣ್ಯಾಗ ಎಲ್ಲಾರೂ ಆಕೀನ್ನ ದೇವರಂಥಾಕಿ ಅಂತಾರ. ಕಣ್ಣಿಲೆ ನೋಡಿದವ ಒಬ್ಬ ಬೇಕಾಗಿತ್ತು. ಅದಕ್ಕ ನಿನ್ನ ಕರಸಾಕತ್ತಿದ್ದೆ." ಉಸಿರು ತೆಗೆದುಕೊಂಡು ಮುಂದುವರಿಸಿದ. "ಈಗ ನೋಡಿದೆಲ್ಲ. ನನ್ನ ಕೈ ಏಳಂಗಿಲ್ಲ. ನೀ ಹೋಗಿ ಆಕಿಗೆ ಎರಡ ಹಾಕು. ಇಲ್ಲೇ, ನನ್ನ ಕಣ್ಣಮುಂದ. ಬೇಕಾದ್ದ ಕೊಡತೀನಿ."

"ನಾ ಅಂಥಾ ಕೆಲಸಾ ಮಾಡೂದಿಲ್ರಿ," ಎಂದೆ.

"ಹಂಗಾರ ನೀ ಎಂಥಾ ಗಂಡಸಲೇ," ಎಂದು ಮುಖ ಗೋಡೆಯತ್ತ ತಿರುಗಿಸಿದ. ಅವನಿಗೆ ತಿರುಗಿಸಲು ಆಗುತ್ತಿದ್ದುದು ಅದೊಂದೇ.

ಊರಿಗೆ ಮರಳುವಾಗ ಮಾಗಡಿಯಲ್ಲಿ ಕೆರೆಯ ಪಕ್ಕ ಗಾಡಿ ನಿಲ್ಲಿಸಿದೆ. ಬೇಸಿಗೆ, ಚಳಿಗಾಲಕ್ಕೆ ಬರುವ ಹಕ್ಕಿಗಳೆಲ್ಲ ಹೋಗಿಬಿಟ್ಟಿದ್ದವು. ನೀರು ಇಳಿದು ಕೆಸರು ಒಡೆದಿತ್ತು. ಇಬ್ಬರಲ್ಲಿ ಯಾರ ಮೇಲೂ ನನಗೆ ಕನಿಕರ ಉಳಿದಿರಲಿಲ್ಲ. ಆದರೆ ಆ ಸ್ವಿಚ್ಚು ಕೆಳಗೆ ಬೀಳುತ್ತಲೇ ಇದ್ದರೆ ಒಂದು ದಿನ ಆಕೆಯ ಅಂದಾಜು ತಪ್ಪುತ್ತದೆ, ಅವನು ಸಾಯುತ್ತಾನೆ, ಆಕೆ ಜೈಲಿಗೆ ಹೋಗುತ್ತಾಳೆ ಎನಿಸಿತು. ತಮ್ಮನಿಗೆ ಫೋನು ಮಾಡಿ ಇದ್ದದ್ದನ್ನು ಹೇಳಿದೆ. ತಗಡಿನ ಖೋಲಿಯ ಮಾತನ್ನೂ ಹೇಳಿದೆ. ಅವನು ಅದಕ್ಕೆ, "ಅದು ಗಂಡಾ ಹೆಂಡ್ತಿ ವಿಷಯ. ಹಿಂದಿಂದು. ನೀವು ನಾಳೆ ಬಂದು ಆ ಡಬ್ಬಿಗೆ ಕೀಲಿ ಕುಂಡ್ರಸ್ರಿ," ಎಂದ.

ಮರುದಿನ ಹೋದೆ. ಕೀಲಿ ಹಾಕುವ ಕಬ್ಬಿಣದ ಡಬ್ಬಿ ತಂದಿದ್ದೆ. ಮಾಳಿಗೆಯ ಮೇಲೆ ಗೋಡೆ ಕೊರೆಯುತ್ತಿದ್ದಾಗ ಕೆಳಗೆ ಗದ್ದಲ ಕೇಳಿಸಿತು. ಇಳಿದು ಬಂದು ನೋಡಿದರೆ ತಮ್ಮ ಖೋಲಿಯ ನಡುವೆ ನಿಂತು ಆಕೆಯ ಕಪಾಳಕ್ಕೆ ಹೊಡೆಯುತ್ತಿದ್ದ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಂಚದ ಮೇಲಿನಿಂದ ಅವನು, "ಇನ್ನೊಂದು. ಈ ಕಡೆ ತಿರುಗಿಸಿ ಹೊಡಿ, ನನಗ ಕಾಣವಲ್ದು," ಎನ್ನುತ್ತಿದ್ದ.

ನಾನು ನಡುವೆ ಹೋಗಿ ತಮ್ಮನ ಕೈ ಹಿಡಿದೆ. "ಸಾಕ್ರಿ," ಎಂದೆ.

"ನೀವು ನಿಮ್ಮ ಕೆಲಸಾ ನೋಡ್ರಿ," ಎಂದು ಕೈ ಬಿಡಿಸಿಕೊಂಡ. ಆದರೆ ಮತ್ತೆ ಹೊಡೆಯಲಿಲ್ಲ.

ಕೀಲಿ ಕೂಡಿಸಿ, ಕೀಲಿಕೈಯನ್ನು ತಮ್ಮನಿಗೆ ಕೊಟ್ಟು ಹೊರಗೆ ಬಂದಾಗ, ಆಕೆ ಕೈಚೀಲ ಹಿಡಿದು ನನ್ನ ಗಾಡಿಯ ಹತ್ತಿರ ನಿಂತಿದ್ದಳು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು.

"ಬಸ್ ಸ್ಟ್ಯಾಂಡಿಗೆ ಬಿಡತೀರೇನ್ರಿ? ಮುಂಡರಗ್ಯಾಗ ನಮ್ಮಕ್ಕ ಅದಾಳ."

ಬಿಟ್ಟು ಬಂದೆ. ಬಸ್ಸು ಹತ್ತುವಾಗ, "ನೀವು ಮೈದುನಗ ಹೇಳಿದ್ದು ಬರೋಬರಿ ಆತು. ಆ ಸ್ವಿಚ್ ಆರಸೂದು ನನಗ ಬಿಡಾಕ ಆಗತಿದ್ದಿಲ್ಲ," ಎಂದಷ್ಟೇ ಹೇಳಿದಳು.

ಆಮೇಲೆ ಎಸಿಯ ದೂರು ಬರಲಿಲ್ಲ. ಹಗಲೂ ರಾತ್ರಿ ಓಡುತ್ತಿತ್ತಂತೆ. ಅಣ್ಣನನ್ನು ನೋಡಿಕೊಳ್ಳಲು ತಮ್ಮ ಒಬ್ಬ ಕೆಲಸದವನನ್ನು ಇಟ್ಟಿದ್ದ. ಮಳೆಗಾಲದ ನಡುವೆ ತಮ್ಮ ಮತ್ತೆ ಫೋನು ಮಾಡಿದ. "ಎಸಿ ನಾರಾಕತ್ತೈತಂತ. ಖೋಲ್ಯಾಗ ನಿಲ್ಲಾಕ ಆಗೂದಿಲ್ಲ ಅಂತಾನ ಕೆಲಸದವ."

ಇದೂ ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಕಾಯಿಲ್ ಮೇಲೆ ಬೂಷ್ಟು ಕಟ್ಟುತ್ತದೆ, ಕೆಳಗಿನ ಟ್ರೇಯಲ್ಲಿ ನೀರು ನಿಂತು ಕೊಳೆಯುತ್ತದೆ, ಕೆಲವೊಮ್ಮೆ ಇಲಿ ಸತ್ತಿರುತ್ತದೆ. ಹೋದೆ. ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಕೆಲಸದವನು ಪಡಸಾಲೆಯಲ್ಲಿ ಫೋನು ನೋಡುತ್ತ ಕೂತಿದ್ದ. ಮುಚ್ಚಳ ಬಿಚ್ಚಿದೆ, ಜಾಳಿಗೆ ಮೂಸಿದೆ, ಟ್ರೇ ಇಳಿಸಿ ನೋಡಿದೆ. ಎಲ್ಲ ಸ್ವಚ್ಛವಿತ್ತು. ಎಸಿಯಿಂದ ಬರುವ ಗಾಳಿಗೆ ಮುಖ ಕೊಟ್ಟರೆ ವಾಸನೆಯೇ ಇಲ್ಲ. ಹಿಂದೆ ತಿರುಗಿದರೆ ವಾಸನೆ.

ಮಂಚದ ಹತ್ತಿರ ಹೋದೆ. ಅವನು ಅರ್ಧ ಆಗಿದ್ದ. ಕೆಲಸದವನನ್ನು ಕರೆದು ಇಬ್ಬರೂ ಸೇರಿ ಅವನನ್ನು ಮಗ್ಗುಲಿಗೆ ಹೊರಳಿಸಿದೆವು. ಹಾಸಿಗೆಯ ಅರಿವೆ ಬೆನ್ನಿಗೆ ಅಂಟಿಕೊಂಡು ಬಂತು. ಸೊಂಟದ ಮೇಲೆ ಹುಣ್ಣು ಎಲುಬಿನ ತನಕ ಇಳಿದಿತ್ತು. ಅವನಿಗೆ ನೋವು ಗೊತ್ತಾಗುತ್ತಿರಲಿಲ್ಲ. ವಾಸನೆ ಗೊತ್ತಾಗುತ್ತಿತ್ತು.

"ನಾರೂದು ಎಸಿ ಅಲ್ಲ, ಹೌದಲ್ಲೋ?" ಎಂದ. ಮೊದಲಿನ ದನಿ ಇರಲಿಲ್ಲ. "ಆಕೀನ್ನ ಕರಕೊಂಡ ಬಾ. ಬೈಯೂದಿಲ್ಲಂತ ಹೇಳು."

ತಮ್ಮನಿಗೆ ಫೋನು ಮಾಡಿ, ಕೆಟ್ಟಿರುವುದು ಎಸಿ ಅಲ್ಲ, ಇವತ್ತೇ ದವಾಖಾನೆಗೆ ಒಯ್ಯಿರಿ ಎಂದೆ. ಆಕೆಯ ಅಕ್ಕನ ಮನೆಯ ಗುರುತನ್ನೂ ಅವನಿಂದಲೇ ಕೇಳಿಕೊಂಡು, ಅಂಗಡಿಗೆ ಹೋಗದೆ ನೇರ ಮುಂಡರಗಿಗೆ ಹೋದೆ. ಆಕೆಯ ಅಕ್ಕ ರೊಟ್ಟಿ ಮಾಡಿ ಮಾರುತ್ತಿದ್ದಳು. ಒಳಗೆ ಒಲೆಯ ಮುಂದೆ ಆಕೆಯೂ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಆಕೆ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿದಳು.

"ಖೋಲಿ ತಂಪ ಐತೇನ್ರಿ?" ಎಂದು ಕೇಳಿದಳು.

"ಐತ್ರಿ."

"ಹಂಗಾರ ನಂದೇನು ಕೆಲಸ ಅಲ್ಲಿ? ತಂಪ ಇರ್ಲಿ ಅಂತನ ಕೀಲಿ ಹಾಕಸ್ಯಾರಲ್ಲ."

ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡಳು. ನಾನು ಹೊರಗೆ ಬಂದೆ.

ಅವನು ಗದಗಿನ ದವಾಖಾನೆಯಲ್ಲಿ ತೀರಿಕೊಂಡ. ನಂಜು ರಕ್ತಕ್ಕೆ ಏರಿತ್ತಂತೆ. ಕೆಲವು ದಿನ ಕಳೆದ ಮೇಲೆ ತಮ್ಮ ಕರೆದು, ಎಸಿ ಬಿಚ್ಚಿ ತನ್ನ ಅಂಗಡಿಗೆ ಹಾಕಿಕೊಡಲು ಹೇಳಿದ. ನಾನು ಹೋದಾಗ ಆಕೆ ಮನೆಗೆ ಮರಳಿದ್ದಳು. ಮಂಚ ಹೊರಗೆ ಬಿಸಿಲಲ್ಲಿತ್ತು, ಖೋಲಿಗೆ ಫಿನಾಯಿಲ್ ಹಾಕಿ ತೊಳೆದಿದ್ದಳು. ಗ್ಯಾಸನ್ನು ಹೊರಗಿನ ಯಂತ್ರಕ್ಕೆ ಇಳಿಸಿ ವಾಲ್ವ್ ಮುಚ್ಚಿ, ಒಳಗಿನದನ್ನು ಗೋಡೆಯಿಂದ ಕಳಚುತ್ತಿದ್ದಾಗ ಆಕೆ ಬಂದು ಬಾಗಿಲಲ್ಲಿ ನಿಂತಳು.

"ಬೆನ್ನು ನೀವು ನೋಡಿದ್ರಲ್ಲ," ಎಂದಳು. "ಎಷ್ಟ ಅಗಲ ಇತ್ರಿ ಹುಣ್ಣು?"

ಹೇಳಲು ಮನಸ್ಸಾಗಲಿಲ್ಲ. ಅಂಗೈ ಅಗಲಿಸಿ ತೋರಿಸಿದೆ.

ಆಕೆ ನನ್ನ ಅಂಗೈಯನ್ನೇ ನೋಡಿದಳು. "ನಾ ಇರೂಮಟ ಒಂದು ಗುಳ್ಳಿ ಏಳಗೊಟ್ಟಿದ್ದಿಲ್ರಿ," ಎಂದಳು. "ಹೊತ್ತಹೊತ್ತಿಗೆ ಹೊಳ್ಳಸಿ, ಬೆನ್ನು ಒರಸಿ, ಪೌಡರ್ ಹಚ್ಚತಿದ್ದೆ. ಸ್ವಿಚ್ ಆರಿಸಿ ಬಂದ ಕೈಲೇನ ಹಚ್ಚತಿದ್ದೆ." ಆಮೇಲೆ ಕೇಳಿದಳು. "ನನ್ನ ಕರಕೊಂಡ ಬಾ ಅಂದಾಗ ಅತ್ತರೇನ್ರಿ ಅವರು?"

"ಇಲ್ರಿ," ಎಂದೆ.

ಅದು ಖರೆ. ಅವನು ಅತ್ತಿರಲಿಲ್ಲ. ಆಕೆ ಯಾವ ಉತ್ತರಕ್ಕೆ ಕಾಯುತ್ತಿದ್ದಳೋ ನನಗೆ ತಿಳಿಯಲಿಲ್ಲ. ತಲೆ ಅಲ್ಲಾಡಿಸಿ ಅಡುಗೆಮನೆಗೆ ಹೋದಳು.

ಸಂಜೆಯೊಳಗೆ ಲಕ್ಷ್ಮೇಶ್ವರದ ಅಂಗಡಿಯಲ್ಲಿ ಎಸಿ ಕೂಡಿಸಿದೆ. ತಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತು, ಅಂಗಿಯ ಗುಂಡಿ ಬಿಚ್ಚಿ ಗಾಳಿಗೆ ಎದೆ ಕೊಟ್ಟ. "ಛಲೋ ಕೂಲಿಂಗ್ ಐತಿ," ಎಂದ. "ಅಣ್ಣಗ ಹಾಕಿಸಿದ್ದು ಸುಮ್ನ ದಂಡ ಆತು."